ಹನ್ನೊಂದು ಅನುಕೂಲಗಳು

ಚಿರಂಜೀವಿ ಮಗನಿಗೆ ಆಶೀರ್ವಾದ.

ನಮ್ಮನ್ನೂ ಕರೆದುಕೊಂಡು ಚಿಕ್ಕ ನಗರಕ್ಕೆ ಮನೆ ಬದಲಿಸುವ ವಿಚಾರವಾಗಿ ನೀನು ಬರೆದು ಕಳುಹಿಸಿದ ಪಟ್ಟಿಯನ್ನು ಸಾವಧಾನವಾಗಿ ಓದಿದೆನು. ಶುದ್ಧ ಗಾಳಿ, ವಿಶಾಲವಾದ ಕೋಣೆಗಳು, ನಡೆದೇ ಹೋಗಬಹುದಾದ ಕಚೇರಿ, ಹೀಗೆ ಅನುಕೂಲಗಳು ಹನ್ನೊಂದು. ಅನನುಕೂಲ ಒಂದೇ: ಅಮ್ಮನ ಡಯಾಲಿಸಿಸ್‌ಗೆ ಎರಡು ಗಂಟೆಯ ಪ್ರಯಾಣ. ವಾರಕ್ಕೆ ಮೂರು ಬಾರಿ ಎಂದು ಬರೆಯಲು ನಿನ್ನ ಲೇಖನಿ ನಾಚಿತೇ? ಭಗವಂತನು ನಿನಗೆ ವಿದ್ಯೆ ಕರುಣಿಸಿದ್ದು ಹೆತ್ತವಳನ್ನು ಕೋಣೆಗಳೊಡನೆ ತೂಗುವುದಕ್ಕಲ್ಲ.

ಪಟ್ಟಿಯನ್ನು ನನ್ನಿಂದ ಓದಿಸಿಕೊಂಡು ಅವಳು, "ಹನ್ನೊಂದಕ್ಕೆ ಒಂದು ಅಂದ್ರೆ ಅವನೇ ಗೆದ್ದ ಬಿಡಿ, ಹೋಗೋಣ" ಎಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಶುಕ್ರವಾರ ಬಂದು ಆ ಯಂತ್ರದ ಪಕ್ಕದಲ್ಲಿ ಅವಳೊಡನೆ ನಾಲ್ಕು ಗಂಟೆ ಕುಳಿತುಕೋ. ಮುಗಿದ ಮೇಲೆ ಕೈಹಿಡಿದು ಎಬ್ಬಿಸು. ಆಗಲೂ ಹೊರಡುವ ಮನಸ್ಸಿದ್ದರೆ ನನ್ನನ್ನು ಕೇಳು. ಅವಳನ್ನು ಮಾತ್ರ ಕೇಳಬೇಡ, ಒಪ್ಪಿಬಿಡುತ್ತಾಳೆ.

ಇತಿ,
ನಿನ್ನ ತಂದೆ