ಮೊಮ್ಮಗಳಿಗೊಂದು ಕನ್ನಡಕ

ಲ್ಯಾಬಿನ ಮೇಲ್ವಿಚಾರಕರಿಗೆ, ನಿಮ್ಮಲ್ಲಿ ಆಸಿಡ್ ಕಲಸುವ ಹುಡುಗಿಯ ಅಜ್ಜಿ ಬರೆಯುವುದು.

ಮೊಮ್ಮಗಳ ಮುಂಗೈಯಲ್ಲಿ ಬೊಬ್ಬೆ ಎದ್ದಿದೆ. "ಟೀ ಚೆಲ್ಲಿತು ಅಜ್ಜೀ" ಅಂತ ನನ್ನ ಕಿವಿಗೇ ಹೂವಿಡುತ್ತಾಳೆ. ರಬ್ಬರ್ ಶೆಡ್ಡಿನಲ್ಲಿ ಮರದ ಹಾಲು ಹೆಪ್ಪುಗಟ್ಟಿಸಲು ಇಪ್ಪತ್ತು ವರ್ಷ ಫಾರ್ಮಿಕ್ ಆಸಿಡ್ ಸುರಿದವಳು ನಾನು. ಆಸಿಡ್ ಸುಟ್ಟ ಗುರುತು ನನಗೆ ತಿಳಿಯದೇ?

ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ ಎಂದು ಅವಳಿಗೂ ಗೊತ್ತು. ಆದರೆ ಕಣ್ಣಿಗೆ ಆಸಿಡ್ ಸಿಡಿಯದಂತೆ ಹಾಕುವ ಕನ್ನಡಕ ಇರುವುದೊಂದೇ, ಅದೂ ನಿಮ್ಮ ಬೀರುವಿನಲ್ಲಿದೆ ಎಂದು ಅವಳ ಗೆಳತಿ ಬಾಯಿಬಿಟ್ಟಳು. ಬೀರುವಿಗೇನು ಕಣ್ಣಿದೆಯೇ? ಅವಳು ಮನೆಗೆ ಬರುವ ತನಕ ನಾನು ಬಾಗಿಲಿಗೂ ಒಲೆಗೂ ಅಲೆಯುತ್ತಿರುತ್ತೇನೆ.

ನಾಳೆಯೇ ಕನ್ನಡಕ, ಕೈಗವಸು ಕೊಡಿ. ನಾನು ಬರೆದೆನೆಂದು ಅವಳಿಗೆ ಹೇಳಬೇಡಿ.

ಸಾಲು ಸೊಟ್ಟಗಿದ್ದರೆ ಮನ್ನಿಸಿ. ನಮ್ಮ ಶೆಡ್ಡಿನಲ್ಲೂ ಕನ್ನಡಕ ಇರಲಿಲ್ಲ. ಉಳಿದ ಒಂದು ಕಣ್ಣಿನಲ್ಲಿ ಇಷ್ಟೇ ನೆಟ್ಟಗೆ ಬರೆಯಲಾಗುವುದು.

ಇಂತಿ,
ಅವಳ ಅಜ್ಜಿ