ಸಂಯಮ ತೋರಿಸಿದ ಸಣ್ಣ ಖೋಲಿ

ಖಾನಾಪುರ, ೧೪ ಜೂನ್ ೨೦೨೫, ಶನಿವಾರ

ಇವತ್ತೂ ಹೇಳಬಾರದು ಅಂದುಕೊಂಡಿದ್ದೆ. ಮೆಕ್ಸಿಕೋದಿಂದ ನನ್ನ ಗಂಡ ಸಂಯಮನ ವಿಡಿಯೋ ಕಾಲ್ ಬಂತು. ಜಾಮೀನು ನಿಲ್ಲಲು ಅಲ್ಲಿಯವರು ಯಾರೂ ಇಲ್ಲದ ಪರದೇಶಿ ಎಂದು ಮೂವರು ಮನೆ ಮಾಲೀಕರು ಅವನನ್ನು ವಾಪಸ್ ಕಳಿಸಿದ್ದರು. ಕೊನೆಗೂ ಒಂದು ಬಾಡಿಗೆ ಮನೆ ಸಿಕ್ಕಿದೆ. ಒಲೆಯಿಲ್ಲ, ಬಲ್ಬೂ ಇಲ್ಲ, ಬರೀ ಗೋಡೆಗಳು. ಆದರೂ ಅವನಿಗೆ ಏನು ಹಿಗ್ಗು!

"ಈ ಸಣ್ಣ ಖೋಲಿ ನಮ್ಮ ಕೂಸಿಂದು. ನೀ ಬಂದಮ್ಯಾಲೆ ತೊಟ್ಟಿಲಾ ಇಲ್ಲೇ ಖಿಡಕಿ ಬಾಜು ಇಡೂಣು," ಎಂದು ಫೋನನ್ನು ಆ ಪುಟ್ಟ ಕೋಣೆಯ ಕಿಟಕಿಯತ್ತ ತಿರುಗಿಸಿದ.

ತಡೆಯಲಾಗಲಿಲ್ಲ. "ಹೊಟ್ಟ್ಯಾಗಿನ ಕೂಸು ಉಳೀಲಿಲ್ಲ, ಸಂಯಮ. ಸೋಮವಾರನ ಬೆಳಗಾವಿ ದವಾಖಾನ್ಯಾಗ..." ಅಂದೆ.

"ನೀ ಆರಾಮ ಅದೀಯಲ್ಲಾ?" ಎಂದಷ್ಟೇ ಕೇಳಿದ. ಕೂರಲು ಒಂದು ಕುರ್ಚಿಯೂ ಇಲ್ಲದ ಆ ಮನೆಯಲ್ಲಿ ನೆಲಕ್ಕೆ ಕುಸಿದು, ಮುಖ ಮುಚ್ಚಿಕೊಂಡು ಅತ್ತ.

ನನ್ನ ಬೆನ್ನು ಸವರಲು ಇಲ್ಲಿ ಅವ್ವ ಇದ್ದಾಳೆ. ಅವನು ಅಲ್ಲಿ ಒಬ್ಬನೇ ಹೇಗೆ...