ಗುಲಾಬಿ ಒಸಡಿನ ಕ್ಯಾಮೆರಾ

ದೊಲ್ನಿ ಬ್ರೆಸ್ತ್
17 ಮಾರ್ಚ್ 2005

ಪ್ರೀತಿಯ ಸ್ತಾಂಕಾ,

ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ಏಳು ತಿಂಗಳಿಂದ ನನ್ನಿಂದ ಒಂದು ಸಾಲೂ ಇಲ್ಲ. ಕೆಲಸ ಆಗುವವರೆಗೆ ಕಾಗದ ಬೇಡ ಎಂದವಳು ನೀನೇ ಆದರೂ, ಹೊಸ ವರ್ಷಕ್ಕೆ ಬುರ್ಗಾಸ್‌ನಿಂದ ನೀನು ಕಳಿಸಿದ ಒಣಮೀನಿಗಾದರೂ ನಾನು ಎರಡು ಮಾತು ಬರೆಯಬೇಕಿತ್ತು. ಪೊಟ್ಟಣದೊಳಗೆ ಚೀಟಿ ಇದೆಯೇನೋ ಎಂದು ಮೀನನ್ನೆಲ್ಲ ಕೊಡವಿ ನೋಡಿದೆ. ಇರಲಿಲ್ಲ. ನಿನ್ನ ಹಟ ನನಗೆ ಗೊತ್ತಿಲ್ಲವೇ.

ನಿನ್ನ ಕೀಲುನೋವು ಹೇಗಿದೆ? ಸಮುದ್ರದ ಗಾಳಿ ಒಳ್ಳೆಯದು ಅನ್ನುತ್ತಾರೆ, ನಾನು ನಂಬುವುದಿಲ್ಲ. ನಮ್ಮ ಯಜಮಾನ ಸ್ಪಾಸ್ ಗುಂಡುಕಲ್ಲಿನ ಹಾಗಿದ್ದಾನೆ. ನಾನು ಮಾತ್ರ ನೀನು ಕೊಟ್ಟುಹೋದ ಆ ಇಪ್ಪತ್ತು ಲೆವದ ವೆಬ್‌ಕ್ಯಾಮೆರಾದಿಂದ ಅರ್ಧ ಆಯುಷ್ಯ ಕಳೆದುಕೊಂಡಿದ್ದೇನೆ.

ಆಗಸ್ಟಿನಲ್ಲಿ ನೀನು ಬಂದಾಗ ಕಲ್ಲಂಗಡಿ ಹಣ್ಣಿನ ತಟ್ಟೆಯನ್ನು ಆಚೆ ಸರಿಸಿ ಅದನ್ನು ಮೇಜಿನ ಮೇಲೆ ಇಟ್ಟೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. "ನನ್ನ ಕಣ್ಣು ಸುಳ್ಳು ಹೇಳ್ತು ಅಂದ್ರಿ. ಇದಕ್ಕೆ ಆಸೇನೂ ಇಲ್ಲ, ಭ್ರಮೇನೂ ಇಲ್ಲ. ಚಂದ್ರನ ಕತ್ತಲೆ ಕಡೆಗೆ ಹಿಡಿ. ಅಲ್ಲಿ ಮಿಂಚುತ್ತೆ ಅಂತ ನೀನು ಬರೆದು ಕಳಿಸು, ಸಾಕು." ನಾನು, ಅಂಥ ಮಿಂಚುಗಳನ್ನು ಈಗ ಎಷ್ಟೋ ಜನ ಹಿಡಿದಿದ್ದಾರಂತೆ, ಉಲ್ಕೆಯ ಕಲ್ಲು ಚಂದ್ರನಿಗೆ ಬಡಿದಾಗ ಹಾಗಾಗುತ್ತದಂತೆ, ಪತ್ರಿಕೆಯಲ್ಲೇ ಬಂದಿದೆ ಎಂದೆ. ಅದಕ್ಕೆ ನೀನು, "ಪತ್ರಿಕೆಯವರೇನು ಆವತ್ತು ನನ್ನ ಪಕ್ಕದಲ್ಲಿ ನಿಂತಿದ್ರಾ? ನಿಂತಿದ್ದವಳು ನೀನು ಕಣೇ" ಎಂದೆ. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ.

ಸರಿ, ಮಾಡೋಣ ಎಂದು ಕೂತೆ. ಪತ್ರಿಕೆಯಲ್ಲಿ ಬರೆದವನೊಬ್ಬ ಮಹಾನುಭಾವ ಇದ್ದಾನೆ. ಕ್ಯಾಮೆರಾದ ಮುಂದಿನ ಪುಟ್ಟ ಮಸೂರ ತಿರುಚಿ ತೆಗೆಯಿರಿ, ಅದರ ಜಾಗಕ್ಕೆ ಫಿಲ್ಮ್ ಸುರುಳಿಯ ಖಾಲಿ ಡಬ್ಬಿಯ ತಳ ಕತ್ತರಿಸಿ ಅಂಟಿಸಿ, ದುರ್ಬೀನಿನ ಕಣ್ಣಿಡುವ ತೂತಿಗೆ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ, ಒಂದು ಗಂಟೆಯ ಕೆಲಸ! ಓದಿದರೆ ಮಕ್ಕಳಾಟ. ನಮ್ಮ ಮನೆಯಲ್ಲಿ ಅಂಥ ಡಬ್ಬಿ ಹದಿನಾಲ್ಕಿವೆ, ಹದಿನಾಲ್ಕರಲ್ಲೂ ಸ್ಪಾಸನ ಟೊಮೆಟೊ ಬೀಜ.

"ಒಂದೇ ಒಂದು ಕೊಡೋ ಮಾರಾಯ" ಎಂದೆ.

"ಯಾವುದನ್ನ ಕೊಡ್ಲಿ? ಇದು ಅತ್ತೆಯ ಊರಿಂದು, ಇದು ಎಂಬತ್ತೊಂಬತ್ತನೇ ಇಸವೀದು. ನಿನ್ನ ಚಂದ್ರನಲ್ಲಿ ಟೊಮೆಟೊ ಬೆಳೆಯುತ್ತಾ, ಹೇಳು, ಕೊಡ್ತೀನಿ."

ನಾನೂ ಬಿಟ್ಟೇನೆ? ಮೂವತ್ತೆಂಟು ವರ್ಷ ಈ ಊರಿಗೆಲ್ಲ ಹಲ್ಲುಸೆಟ್ಟು ಮಾಡಿಕೊಟ್ಟವಳು. ಒಸಡಿಗೆ ಹಾಕುವ ಗುಲಾಬಿ ಅಂಟು ಅರ್ಧ ಡಬ್ಬಿ ಉಳಿದಿತ್ತು, ಅದರಲ್ಲೇ ಕೊಳವೆ ಎರಕ ಹೊಯ್ದೆ. ಒಂದು ಕೂದಲೆಳೆ ದಪ್ಪವಾಯಿತು. ಉಜ್ಜಿದೆ, ಸಡಿಲವಾಯಿತು. ಮತ್ತೆ ಹೊಯ್ದೆ. ಮೂರನೆಯದು ಕೂತಿತು. ಸ್ಪಾಸ್ ಕನ್ನಡಕ ಏರಿಸಿಕೊಂಡು ನೋಡಿ, "ಪಾಪ, ಅದಕ್ಕೂ ವಯಸ್ಸಾಯ್ತೇನೋ, ಒಸಡು ಮಾತ್ರ ಉಳಿದಿದೆ" ಎಂದ. ಈಗ ನಮ್ಮ ಕಟ್ಟಡದವರೆಲ್ಲ ಅದನ್ನು ಒಸಡು ಎಂದೇ ಕರೆಯುತ್ತಾರೆ.

ಕೊಳವೆ ಕೂತಿತು, ಚಿತ್ರ ಮಾತ್ರ ಹಾಲು ಚೆಲ್ಲಿದ ಹಾಗೆ ಬಂತು. ಎರಡು ವಾರ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಅಂಟಿನ ಆವಿ ಒಳಗಿನ ಬೆಳಕು ಹಿಡಿಯುವ ಬಿಲ್ಲೆಯ ಮೇಲೆ ಕೂತಿದೆ. ಬಿಲ್ಲೆಯೋ ಅಂಗಿಯ ಗುಂಡಿಯಷ್ಟೂ ಇಲ್ಲ. ಹತ್ತಿಗೆ ಸ್ಪಾಸನ ಎರಡು ಸಲ ಬಟ್ಟಿಯಿಳಿಸಿದ ರಾಕಿಯಾ ಅದ್ದಿ ಒರೆಸುತ್ತಿದ್ದೆ, ಸಿಕ್ಕಿಬಿದ್ದೆ. "ಮನುಷ್ಯರು ಕುಡಿಯೋದನ್ನ ಯಂತ್ರಕ್ಕೆ ಕುಡಿಸ್ತೀಯಲ್ಲೇ, ದೇವರು ಮೆಚ್ತಾನಾ?" ಎಂದು ಬಾಟಲಿಯನ್ನು ಕಸಿದುಕೊಂಡು ಹೋದವನು ಎರಡು ದಿನ ಮಾತಾಡಲಿಲ್ಲ. ಆ ಎರಡು ದಿನ ಕೆಲಸ ಚೆನ್ನಾಗಿ ಸಾಗಿತು.

ಸೆಪ್ಟೆಂಬರ್ ಬಂತು, ಬಿದಿಗೆ ತದಿಗೆಯ ಚಂದ್ರ ಸಂಜೆ ಎದುರು ಮನೆಗಳ ಮಾಡಿನ ಮೇಲೆಯೇ ನಿಲ್ಲುವ ಕಾಲ. ಆದರೆ ಅದು ಊರಿಗೆ ಊರೇ ಬಾಲ್ಕನಿಯಲ್ಲಿ ದಪ್ಪ ಮೆಣಸಿನಕಾಯಿ ಸುಡುವ ಕಾಲವೂ ಹೌದು. ಕೆಳಮನೆಯ ಗೀನಾ ಒಲೆ ಹಚ್ಚಿದಳೆಂದರೆ ಅದರ ಬಿಸಿಗಾಳಿಗೆ ನನ್ನ ಚಂದ್ರ ಕುದಿಯುವ ಸಾರಿನಲ್ಲಿ ಬಿದ್ದ ಮೊಟ್ಟೆಯ ಹಾಗೆ ಕುಣಿಯುತ್ತಾನೆ. ಕೆಳಗೆ ಬಗ್ಗಿ, "ಗೀನಾ, ಒಂದರ್ಧ ಗಂಟೆ ನಿಲ್ಲಿಸ್ತೀಯೇನಮ್ಮ, ಚಂದ್ರ ಮುಳುಗಲಿ" ಎಂದು ಕೇಳಿದೆ. "ದೊನ್ಕಕ್ಕಾ, ನಲವತ್ತು ಕಿಲೋ ಇದೆ. ನಿಮ್ಮ ಚಂದ್ರ ನಾಳೆನೂ ಬರ್ತಾನೆ, ಮೆಣಸಿನಕಾಯಿ ಕೊಳೆತುಹೋಗುತ್ತೆ" ಎಂದಳು. ನಾನು ದುರ್ಬೀನಿಗೆ ಮುಚ್ಚಳ ಹಾಕಿದೆ.

ಮೆಣಸಿನಕಾಯಿ ಮುಗಿಯಿತು ಅನ್ನುವಷ್ಟರಲ್ಲಿ ಎಲೆಕೋಸು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ! ಸ್ಪಾಸ್ ಉಪ್ಪಿನಕಾಯಿ ಪೀಪಾಯಿಯನ್ನು ತಂದು ಬಾಲ್ಕನಿಯಲ್ಲಿದ್ದ ನನ್ನ ದುರ್ಬೀನಿನ ಕಾಲಿಗೆ ತಾಗುವ ಹಾಗೆ ಇಟ್ಟ. ಅದರ ಉಪ್ಪುನೀರನ್ನು ದಿನ ಬಿಟ್ಟು ದಿನ ಕೊಳವೆ ಹಾಕಿ ಬುಳುಬುಳು ಊದದಿದ್ದರೆ ಹುಳಿ ಕೆಡುತ್ತದಂತೆ, ಊದುವ ಮುಹೂರ್ತವೋ ಸರಿಯಾಗಿ ನನ್ನ ಮುಹೂರ್ತವೇ. ಅವನು ಒಂದು ಸಲ ಊದಿದರೆ ದುರ್ಬೀನು ಅಲುಗಿ ಚಂದ್ರ ಕಂಪ್ಯೂಟರಿನ ತೆರೆಯಿಂದಲೇ ಹೊರಗೆ.

ಇಷ್ಟೆಲ್ಲದರ ನಡುವೆ ನವೆಂಬರಿನಲ್ಲಿ ಒಂದು ಸಂಜೆ ಮಿಂಚು ಕಂಡಿತು ಕಣೇ! ಕಂಪ್ಯೂಟರಿನ ತೆರೆಯ ಮೇಲೆ, ಕತ್ತಲೆಯ ಭಾಗದಲ್ಲಿ, ಕೆಂಪಗೆ. ನಾನು ಚೀರಿದ ರಭಸಕ್ಕೆ ಸ್ಪಾಸ್ ಉಪ್ಪುನೀರು ನುಂಗಿಬಿಟ್ಟ. ನಿನಗೆ ಫೋನು ಮಾಡಲು ನಂಬರನ್ನೂ ಒತ್ತಿದ್ದೆ, ಅಷ್ಟರಲ್ಲಿ ಅದು ಮತ್ತೆ ಮಿಂಚಿತು. ಮತ್ತೆ. ಮತ್ತೆ. ಅದೇ ಜಾಗದಲ್ಲಿ, ಗಡಿಯಾರದ ಹಾಗೆ. ಕ್ಯಾಮೆರಾ ಓಡುತ್ತಿದೆ ಎಂದು ತೋರಿಸಲು ಅದರ ಹಣೆಯಲ್ಲೊಂದು ಪುಟ್ಟ ಕೆಂಪು ದೀಪ ಇಟ್ಟಿದ್ದಾರಲ್ಲ, ಅದರ ಬೆಳಕು ನನ್ನ ಗುಲಾಬಿ ಅಂಟಿನೊಳಗಿಂದ ಸೋರಿ ಒಳಗೇ ಪ್ರತಿಫಲಿಸುತ್ತಿತ್ತು! ಪತ್ರಿಕೆಯ ಮಹಾನುಭಾವನ ಡಬ್ಬಿ ಕಪ್ಪು. ನನ್ನದು ಒಸಡು. ನಾಚಿಕೆಯಿಂದ ಒಬ್ಬಳೇ ಅಡುಗೆಮನೆಯಲ್ಲಿ ಕೂತು ಅತ್ತೆ. ಬೆಳಿಗ್ಗೆ ಎದ್ದು ಇಡೀ ಕೊಳವೆಗೆ ಬೂಟಿನ ಕರಿ ಬಳಿದೆ.

ಅತ್ತಿದ್ದು ಯಾಕೆ ಎಂದು ಸ್ಪಾಸ್ ಬಿಡದೆ ಕೇಳಿದ. ಆವತ್ತೇ ಮೊದಲ ಸಲ ಅವನಿಗೆ ಎಪ್ಪತ್ತೇಳರ ಕಥೆಯನ್ನೆಲ್ಲ ಹೇಳಿದೆ. ನಮ್ಮ ವೀಕ್ಷಣಾ ಕೂಟ, ಶಾಲೆಯ ತಾರಸಿಯ ಮೇಲೆ ಎರಡು ದುರ್ಬೀನು, ನಡುವೆ ಗಡಿಯಾರ ಹಿಡಿದ ಗುರು ಪೆಂಚೊ ಗಾಜೆವ್. ಏನೇ ಕಂಡರೂ ಇಬ್ಬರೂ ಬಾಯಿ ಬಿಡದೆ ತಮ್ಮ ತಮ್ಮ ಪುಸ್ತಕದಲ್ಲಿ ನಿಮಿಷ ಬರೆಯಬೇಕು, ಎರಡೂ ತಾಳೆಯಾದರೆ ಮಾತ್ರ ದೊಡ್ಡ ದಾಖಲೆಗೆ ಎಂಬ ನಿಯಮ. ನೀನು "ಅಯ್ಯೋ, ಮಿಂಚಿತು!" ಎಂದು ಕೂಗಿದ್ದು. ಗುರುಗಳು ನನ್ನ ಪುಸ್ತಕ ತೆರೆದರೆ ಪುಟ ಖಾಲಿ ಇದ್ದದ್ದು. ನಿನ್ನ ಸಾಲಿನ ಪಕ್ಕ ಅವರು "ಕಣ್ಣಿನ ದೋಷ" ಎಂದು ಬರೆದದ್ದು. ಸಣ್ಣ ಊರು, ಮಾತು ಕಾರ್ಖಾನೆಯವರೆಗೆ ಹೋಗಲು ಎಷ್ಟು ಹೊತ್ತು? ಮಸೂರಗಳ ಗೀರು ಹುಡುಕುವುದೇ ನಿನ್ನ ಕೆಲಸ, ಕಣ್ಣೇ ನಿನ್ನ ಅನ್ನ. ನಿನ್ನನ್ನು ತಪಾಸಣೆಯ ಮೇಜಿನಿಂದ ಎಬ್ಬಿಸಿ ಪೆಟ್ಟಿಗೆಗೆ ಹುಲ್ಲು ತುಂಬಲು ಹಾಕಿದರು. ಹನ್ನೆರಡು ವರ್ಷ ಹುಲ್ಲು ತುಂಬಿದೆ.

ಕೇಳಿ ಮುಗಿಸಿ ಸ್ಪಾಸ್ ಎದ್ದು ಬಾಲ್ಕನಿಗೆ ಹೋದ. ಆಮೇಲೆ, "ಪೀಪಾಯಿ ಎಲ್ಲಿಗೆ ಸರಿಸ್ಲಿ ಹೇಳು" ಎಂದ. ಈಗ ಅದು ಮಲಗುವ ಕೋಣೆಯಲ್ಲಿದೆ. ವಾಸನೆಯ ಬಗ್ಗೆ ಬರೆಯುವುದಿಲ್ಲ.

ಚಳಿಗಾಲವೆಲ್ಲ ಮೋಡ. ಮೊನ್ನೆ ಸೋಮವಾರ ಸಂಜೆ ಬಾನು ತೊಳೆದಿಟ್ಟ ಹಾಗಿತ್ತು. ಚೌತಿಯ ಚಂದ್ರ, ಎತ್ತರದಲ್ಲಿ, ಕತ್ತಲೆಯ ಭಾಗ ಬೂದಿಯ ಬಣ್ಣದಲ್ಲಿ ಮಂಕಾಗಿ ಕಾಣುತ್ತಿತ್ತು. ಏಳು ಗಂಟೆ ನಲವತ್ತೊಂದು ನಿಮಿಷಕ್ಕೆ, ಅಂಚಿಗೆ ಹತ್ತಿರ, ಒಂದು ಬಿಳಿ ಚುಕ್ಕೆ. ಓಡುವ ಚಿತ್ರದ ಒಂದೇ ಚೌಕಟ್ಟಿನಲ್ಲಿದ್ದರೆ ಬಿಲ್ಲೆಯ ತಪ್ಪು ಅನ್ನಬಹುದಿತ್ತು. ಎರಡರಲ್ಲಿದೆ, ಎರಡನೆಯದರಲ್ಲಿ ಮಂಕಾಗಿದೆ. ಅರ್ಧ ಸೆಕೆಂಡೂ ಇಲ್ಲ.

ನವೆಂಬರಿನ ಪಾಠ ಮರೆತಿರಲಿಲ್ಲ, ಆದ್ದರಿಂದ ಈ ಸಲ ಚೀರಲಿಲ್ಲ. ಸ್ಪಾಸನನ್ನು ಕರೆದು ಏನೂ ಹೇಳದೆ ಚಿತ್ರ ಓಡಿಸಿದೆ, ನಾನು ಬೆನ್ನು ತಿರುಗಿಸಿ ಕೂತೆ. ಸ್ವಲ್ಪ ಹೊತ್ತಿಗೆ ಅವನು, "ಇದೇನೇ ಇದು, ಇಲ್ಲಿ ಎಡಗಡೆ ಏನೋ ಪಕ್ಕಂತ ಹೊಳೀತಲ್ಲ?" ಎಂದ. ಎಲ್ಲಿ ಎಂದು ಬೆರಳಿಟ್ಟು ತೋರಿಸು ಎಂದೆ. ಅಲ್ಲೇ ಇಟ್ಟ. ಮೂರು ಸಲ ಕೇಳಿದೆ, ಮೂರು ಸಲವೂ ಅಲ್ಲೇ. "ಎಷ್ಟು ಸಲ ಕೇಳ್ತೀಯೇ, ನನ್ನ ಕಣ್ಣೇನು ಕುರುಡಾ?" ಎಂದು ರೇಗಿದ.

ಚಿತ್ರ ತುಂಬಿದ ಡಿಸ್ಕ್ ಇದರ ಜೊತೆಗಿದೆ. ಸ್ಪಾಸ್ ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಿದ್ದಾನೆ. ನೀನು ಕೇಳಿದ್ದನ್ನು ನಾನೂ ಬರೆಯುತ್ತೇನೆ, ತೆಗೆದುಕೋ: ಚಂದ್ರನ ಕತ್ತಲೆಯ ಭಾಗದಲ್ಲಿ ಮಿಂಚುತ್ತದೆ. ನಾನು ಹಿಡಿದಿದ್ದೇನೆ.

ಆರೋಗ್ಯ ನೋಡಿಕೋ. ಮಂಡಿಗೆ ಉಣ್ಣೆ ಕಟ್ಟಿಕೋ. ದೇವರು ನಿನಗೆ ನೆಮ್ಮದಿಯ ನಿದ್ದೆ ಕೊಡಲಿ, ನನಗಿಂತ ಹೆಚ್ಚು ದಿನ ಬಾಳು.

ನಿನ್ನ
ದೊನ್ಕಾ

ಇನ್ನೊಂದು ಮಾತು, 20 ಮಾರ್ಚ್: ಲಕೋಟೆ ಅಂಟಿಸಿ ಮೂರು ದಿನ ಮೇಜಿನ ಮೇಲಿಟ್ಟಿದ್ದೆ. ಇವತ್ತು ಹರಿದು ತೆರೆದೆ. ಅಂಚೆಗೆ ಹಾಕಲು ಕೈ ಬರಲಿಲ್ಲ.

ನನ್ನ ಪುಟ ಖಾಲಿ ಇತ್ತು ಎಂದು ಬರೆದಿದ್ದೇನೆ. ಖಾಲಿ ಇತ್ತು, ನಿಜ. ಖಾಲಿ ಮಾಡಿದವಳು ನಾನು. ಎರಡು ವರ್ಷ, ಬಾನು ತಿಳಿಯಾಗಿದ್ದ ಒಂದು ಸಂಜೆಯನ್ನೂ ಬಿಡದೆ ಆ ಕತ್ತಲೆಯನ್ನು ನೋಡಿದ್ದೆ ಸ್ತಾಂಕಾ, ಏನೂ ಕಂಡಿರಲಿಲ್ಲ. ನೀನು ಕೂಟಕ್ಕೆ ಸೇರಿ ಮೂರು ವಾರ ಆಗಿತ್ತು. ನೀನು ಕೂಗಿದೆ, ಗುರುಗಳು ನಿನ್ನ ಕಡೆಗೆ ಓಡಿದರು, ನಿನ್ನ ಭುಜ ಹಿಡಿದು ಕುಲುಕಿದರು. ಆ ಒಂದು ನಿಮಿಷ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ರಬ್ಬರಿನಿಂದ ಒಂದು ಸಾಲು ಅಳಿಸಲು ಅಷ್ಟು ಹೊತ್ತು ಸಾಕು. ನನ್ನದಾಗದಿದ್ದರೆ ಯಾರದ್ದೂ ಆಗದಿರಲಿ ಅನ್ನಿಸಿತು, ಅಷ್ಟೇ. ಕಾರ್ಖಾನೆಯವರೆಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ಹೋದ ಮೇಲೆ ಗೊತ್ತಾಯಿತು, ಆಗಲೂ ಬಾಯಿ ಬಿಡಲಿಲ್ಲ.

ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಅದನ್ನು ಬರೆಯಲಾರದೆ ಏಳು ತಿಂಗಳು ಒಂದು ಕ್ಯಾಮೆರಾ ಬಿಚ್ಚಿ ಕಟ್ಟಿದೆ. ಗುರುಗಳು ಸತ್ತರು, ಕಾರ್ಖಾನೆ ಮುಚ್ಚಿತು, ಇದನ್ನು ಒಯ್ದು ತೋರಿಸಲು ನಿನಗೆ ಈಗ ಯಾರೂ ಉಳಿದಿಲ್ಲ, ಅದೂ ಗೊತ್ತು.

ನಾನೂ ನೋಡಿದೆ. ನೀನು ಕೂಗುವಾಗ ನನ್ನ ಪೆನ್ಸಿಲು ಆಗಲೇ ನಿಮಿಷ ಬರೆದು ಮುಗಿಸಿತ್ತು.